‘ಹಂಸಗೀತೆ’ಯ ರಸಿಕರಿಗೊಂದು ಕೈಪಿಡಿ

ಕಾದಂಬರಿಯೊಂದು ಚಲನಚಿತ್ರವಾಯಿತೆಂದರೆ, ಟಾಕೀಸಿನಿಂದ ಹೊರಬೀಳುವ ಮಹಾಜನರ ಬಾಯಲ್ಲಿ ಮೊದಲು ಹುಟ್ಟುವ ಪ್ರಶ್ನೆ ‘ಪುಸ್ತಕ ಚೆನ್ನೋ, ಸಿನಿಮಾ ಚೆನ್ನೋ’ ಎಂಬುದು; ಎರಡನೆಯದು, ‘ಆ ಪ್ರಸಂಗವನ್ನೇಕೆ ಕೈಬಿಟ್ಟರು’ ಎಂಬುದು. ಕಾದಂಬರಿಯ ಪುಟಗಳನ್ನು ತೆರೆಯ ಮೇಲೆ ತಾಳೆನೋಡುತ್ತ ಕುಳಿತಿರುವುದನ್ನೇ ವಿಮರ್ಶೆಯೆಂದು ಬಗೆದಿರುವ ಈ ಲೆಕ್ಕಪರಿಶೋಧಕರಿಗೆ ನನ್ನಲ್ಲಿ ಹೇಳತಕ್ಕ ಮಾತೇನೂ ಇಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೊಸೆದು ‘ನಾಗರಹಾವು’ ತೆಗೆದಾಗ ಕಾದಂಬರಿಕಾರರು ಮುನಿದರು, ಜನ ಮುಗಿಬಿದ್ದರು. ಆ ಜಗಳವನ್ನು ಇಂದಿಗೂ ಮೆಲುಕುಹಾಕುವವರು ಹಾಕಲಿ. ಅದೇ ಲೇಖಕರ ‘ಹಂಸಗೀತೆ’ಯ ಕಡೆಗೆ ಕಿವಿಗೊಡಬಲ್ಲವರು ಮಾತ್ರ ಮುಂದಕ್ಕೆ ಓದಬಹುದು.

ಕಿವಿಯೆಂದು ಬೇಕೆಂದೇ ಹೇಳಿದೆ. ಸುಲ್ತಾನನ ಆಜ್ಞೆಗೆ ಮಣಿದು ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡನೆಂದು ಚಿತ್ರದುರ್ಗದ ಐತಿಹ್ಯವು ಹೇಳುವ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆಯಾದ ‘ಹಂಸಗೀತೆ’ಯಲ್ಲಿ ಆ ನಾಲಗೆಯ ಪ್ರಸಂಗವನ್ನೇ ಎದುರುನೋಡುತ್ತ ಕುಳಿತಿರುವ ಪ್ರೇಕ್ಷಕನು, ಅದಕ್ಕೆ ಮೊದಲು ಆ ನಾಲಗೆಯು ಏನನ್ನು ಹಾಡಿತೆಂಬುದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕಳೆದುಹೋದದ್ದು ಏನೆಂದೇ ಅರಿಯದವನು ಯಾವುದಕ್ಕಾಗಿ ಮರುಗುತ್ತಾನೆ?

ಆದುದರಿಂದ ಆತನ ಹೆಸರಿಗಂಟಿಕೊಂಡ ಭೈರವಿ ರಾಗದ ವಿಚಾರವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹಿಂದೂಸ್ಥಾನಿ ಕಛೇರಿಯ ಮುಕ್ತಾಯದಲ್ಲಿ, ಅರ್ಧ ಸಭೆಯು ಚಪ್ಪಲಿಯನ್ನು ಹುಡುಕುತ್ತಿರುವಾಗ ಕೇಳಿಬರುವ ಭೈರವಿಯೇ ಇದೆಂದು ತಿಳಿಯಬಾರದು. ಅದರಲ್ಲಿ ರಿಷಭವು ಕೋಮಲ; ನಮ್ಮ ಭೈರವಿಯಲ್ಲಿ ಚತುಶ್ಶ್ರುತಿ. ಅಲ್ಲಿ ಅದು ವಿದಾಯದ ರಾಗ. ಇಲ್ಲಿಯಾದರೋ ಕಛೇರಿಯ ನಡುಮನೆಯಲ್ಲಿ ಯಜಮಾನನಂತೆ ಕುಳಿತುಕೊಳ್ಳುವ ರಾಗ. ಆದರೆ ಅದರ ಮರ್ಮವಿರುವುದು ಧೈವತದಲ್ಲಿ. ಪಂಚಮದಿಂದ ಮೇಲಕ್ಕೇರುವಾಗ ಚತುಶ್ಶ್ರುತಿಯಾಗಿದ್ದ ಧೈವತವು, ತಾರಷಡ್ಜವನ್ನು ಮುಟ್ಟಿ ಹಿಂದಿರುಗುವಾಗ ಶುದ್ಧ ಧೈವತವಾಗಿ ಒಂದು ಮೆಟ್ಟಿಲು ಕುಸಿಯುತ್ತದೆ. ಏರುವಾಗಿನ ಧೈರ್ಯವು ಇಳಿಯುವಾಗ ಉಳಿಯುವುದಿಲ್ಲ. ಈ ಒಂದು ಕುಸಿತವನ್ನು ಕಿವಿಯು ಹಿಡಿಯಿತೆಂದರೆ ಭೈರವಿಯ ಅರ್ಧವು ದಕ್ಕಿತು; ಹಿಡಿಯದಿದ್ದರೆ ಎಷ್ಟು ತಲೆದೂಗಿಯೂ ಫಲವಿಲ್ಲ.

ನನಗೆ ಅದು ದಕ್ಕಿದ್ದು ಒಂದು ರಾಮೋತ್ಸವದ ಚಪ್ಪರದಲ್ಲಿ. ಪಾನಕ ಕೋಸಂಬರಿಗಳ ಗದ್ದಲದ ನಡುವೆ, ಅಷ್ಟೇನೂ ಪ್ರಸಿದ್ಧರಲ್ಲದ ವೃದ್ಧ ವಿದ್ವಾಂಸರೊಬ್ಬರು ಭೈರವಿಯ ‘ವಿರಿಬೋಣಿ’ ವರ್ಣವನ್ನು ಅಟತಾಳದಲ್ಲಿ, ಯಾರ ಅವಸರಕ್ಕೂ ಸೊಪ್ಪುಹಾಕದೆ, ವಿಳಂಬವಾಗಿ ಹಾಡುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ನಮ್ಮೂರ ಪಿಟೀಲು ಮೇಷ್ಟರು ನನ್ನ ಮಣಿಕಟ್ಟನ್ನು ಹಿಡಿದುಕೊಂಡು, ಧೈವತವು ಕೆಳಕ್ಕಿಳಿದಾಗಲೆಲ್ಲ ಹೆಬ್ಬೆರಳಿನಿಂದ ಒತ್ತುತ್ತ, “ಕೇಳಿತೇನಯ್ಯಾ? ಈಗ?” ಎನ್ನುತ್ತಿದ್ದರು. ಚರಣವು ಬರುವ ವೇಳೆಗೆ, ಅವರು ಒತ್ತುವುದಕ್ಕೆ ಮೊದಲೇ ನನಗೆ ಕೇಳತೊಡಗಿತ್ತು.

ಇನ್ನು ಚಿತ್ರಗಳ ಮಾತು. 1952ರ ‘ಹಂಸಗೀತೆ’ ಕಾದಂಬರಿಯು ಎರಡು ಸಲ ತೆರೆಯನ್ನೇರಿತು. 1956ರ ಹಿಂದಿ ‘ಬಸಂತ್ ಬಹಾರ್’ನಲ್ಲಿ ದುರ್ಗದ ಕಥೆಯು ಮೊಗಲರ ಆಸ್ಥಾನಕ್ಕೆ ವಲಸೆಹೋಯಿತು, ಶಂಕರ್–ಜೈಕಿಶನ್ನರ ಹಾಡುಗಳು ಬೀದಿಬೀದಿಯಲ್ಲಿ ಮೊಳಗಿದವು. ಅದರಲ್ಲೊಂದು ಸ್ಪರ್ಧೆಯ ಗೀತವುಂಟು. ನಾಯಕನಿಗೆ ಮನ್ನಾಡೇ ಅವರ ಕಂಠ, ಸೋಲಬೇಕಾದ ಆಸ್ಥಾನವಿದ್ವಾಂಸನಿಗೆ ನಮ್ಮ ಗದುಗಿನ ನಾಡಿನ ಭೀಮಸೇನ ಜೋಶಿಯವರ ಕಂಠ! ಕಥೆಯು ವಿಧಿಸಿದ ತೀರ್ಪನ್ನು ಕಿವಿಯು ಒಪ್ಪಬೇಕೆಂಬ ನಿಯಮವೇನೂ ಇಲ್ಲ, ನಾನಂತೂ ಒಪ್ಪಿಲ್ಲ. ಗೆದ್ದವನಿಗೆ ಚಪ್ಪಾಳೆ ತಟ್ಟುವವರು ತಟ್ಟಿಕೊಳ್ಳಲಿ.

1975ರಲ್ಲಿ ಜಿ.ವಿ. ಅಯ್ಯರ್ ಅವರು ಕನ್ನಡದಲ್ಲಿಯೇ ತೆಗೆದ ‘ಹಂಸಗೀತೆ’ಯಲ್ಲಿ ಅನಂತನಾಗ್ ನಾಯಕರು, ಹಾಡಿದವರು ಬಾಲಮುರಳೀಕೃಷ್ಣ, ಅದಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದವರು. ನಿಮಾಯ್ ಘೋಷರ ಛಾಯಾಗ್ರಹಣವು ಸೊಗಸಾಗಿದೆ. ಕಣ್ಣುಳ್ಳವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ಚಿತ್ರ ತುಂಬ ನಿಧಾನ’ ಎಂದು ಗೊಣಗುವವರು ವಿಳಂಬಕಾಲದ ಪಲ್ಲವಿಯನ್ನು ಕೇಳುವಾಗಲೂ ಗಡಿಯಾರವನ್ನೇ ನೋಡುತ್ತಿರುತ್ತಾರೆ. ಕಾದಂಬರಿಕಾರನು ರಾಗವನ್ನು ಎಷ್ಟು ಬಣ್ಣಿಸಿದರೂ ಅಚ್ಚಿನ ಹಾಳೆಯಿಂದ ನಾದವು ಹೊರಡಲಾರದು. ತ.ರಾ.ಸು. ಓದುಗನ ಕಲ್ಪನೆಗೆ ಬಿಟ್ಟುಕೊಟ್ಟಿದ್ದುದನ್ನು ಅಯ್ಯರ್ ಅವರು ಒಬ್ಬ ಸಾಕ್ಷಾತ್ ವಿದ್ವಾಂಸನ ಕಂಠದಿಂದ ತುಂಬಿಸಿದರು. ರೂಪಾಂತರವೆಂದರೆ ನನ್ನ ಮಟ್ಟಿಗೆ ಇದೇ. ಯಾವ ಪ್ರಸಂಗವು ಉಳಿಯಿತು, ಯಾವುದು ಅಳಿಯಿತು ಎಂಬುದು ಗುಮಾಸ್ತರ ಕೆಲಸ.

ಹೊಸಬರು ಮೊದಲು ಆ ‘ವಿರಿಬೋಣಿ’ ವರ್ಣವನ್ನು ಯಾರಾದರೊಬ್ಬ ಒಳ್ಳೆಯ ವಿದ್ವಾಂಸರಿಂದ ಕೇಳಿರಿ; ಆಮೇಲೆ ಕಾದಂಬರಿಯನ್ನು ಓದಿರಿ; ಅನಂತರ ಕನ್ನಡದ ಚಿತ್ರವನ್ನು ನೋಡಿರಿ. ಹಿಂದಿಯದನ್ನು ಕಟ್ಟಕಡೆಗೆ, ಭೀಮಸೇನರಿಗಾಗಿ ಮಾತ್ರ.