ಕೆಂಡದ ತಂತಿ, ಹಸಿರು ಪೊರೆ

ಹಳೇ ಕರೆಂಟ್ ಒಲೆಯ ಸ್ವಿಚ್ ಹಾಕಿ ನೋಡಿ. ಪಿಂಗಾಣಿ ತಟ್ಟೆಯ ತೋಡಿನಲ್ಲಿ ಹಾವಿನಂತೆ ಮಲಗಿದ ಸುರುಳಿ ಮೊದಲು ಮಂಕು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ ಹೊಳೆಯುತ್ತದೆ. ಕಬ್ಬಿಣದ ತಂತಿಯಾಗಿದ್ದರೆ ಬೇಗನೆ ಪದರ ಪದರವಾಗಿ ಉದುರಿಹೋಗುತ್ತಿತ್ತು. ಇದು ನೈಕ್ರೋಮ್: ನೂರರಲ್ಲಿ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ಬೆರಕೆ. ಗುಟ್ಟಿರುವುದು ಮೈಮೇಲೆ. ಕಾದೊಡನೆ ಕ್ರೋಮಿಯಂ ಗಾಳಿಯ ಆಮ್ಲಜನಕವನ್ನು ಹಿಡಿದು ತೆಳುವಾದ ಪೊರೆ ಕಟ್ಟುತ್ತದೆ. ಒಳಗಿನ ಲೋಹಕ್ಕೆ ಅದೇ ಕಾವಲು.

ನನಗೆ ಇನ್ನೂ ಸೊಗಸಾಗಿ ಕಾಣುವುದು ಹೈಡ್ರೋಜನ್ ತುಂಬಿದ ಕುಲುಮೆಯ ಆಟ. ಹೈಡ್ರೋಜನ್ ಆಮ್ಲಜನಕವನ್ನು ಕಸಿಯುವ ಅನಿಲ. ನಿಕ್ಕಲ್ ಸುಲಭವಾಗಿ ಬಿಟ್ಟುಕೊಡುತ್ತದೆ. ಕ್ರೋಮಿಯಂ ಮಹಾ ಜಿಪುಣ. ಅನಿಲ ಚೆನ್ನಾಗಿ ಒಣಗಿದ್ದು, ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ತಂತಿ ಬೆಳ್ಳಿಯಂತೆ ಬೆಳಗಿ ಹೊರಬರುತ್ತದೆ. ತೇವ ಸೇರಿತೋ, ಕ್ರೋಮಿಯಂ ಆ ನೀರಾವಿಯಿಂದಲೇ ಆಮ್ಲಜನಕ ಕಿತ್ತುಕೊಂಡು ಹಸಿರು ಪೊರೆಯಾಗುತ್ತದೆ. ಪಕ್ಕದ ನಿಕ್ಕಲ್ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಲೋಹವಾಗಿಯೇ ಉಳಿಯುತ್ತದೆ.

ಈ ಹಸಿರು ಯಾವಾಗಲೂ ಒಳ್ಳೆಯದಲ್ಲ. ಕುಲುಮೆಯ ಶಾಖ ಅಳೆಯುವ ಕೆ ಮಾದರಿ ಥರ್ಮೋಕಪಲ್‌ನ ಒಂದು ತಂತಿಯಲ್ಲಿ ಕ್ರೋಮಿಯಂ 10 ಪಾಲಷ್ಟೇ. ಆಮ್ಲಜನಕ ತೀರ ಕಡಿಮೆಯಿರುವ ಕಡೆ, 800ರಿಂದ 1000 ಡಿಗ್ರಿ ಆಸುಪಾಸಿನಲ್ಲಿ, ಹಸಿರು ಒಳಗೂ ಇಳಿದು ತಂತಿಯನ್ನು ಕೊರೆಯುತ್ತದೆ. ಕಸುಬಿನವರು ಇದನ್ನು 'ಗ್ರೀನ್ ರಾಟ್' ಅನ್ನುತ್ತಾರೆ. ಮೀಟರ್ ನಿಜಕ್ಕಿಂತ ಕಡಿಮೆ ಶಾಖ ತೋರಿಸತೊಡಗುತ್ತದೆ. ಪತ್ತೆಗೆ ದೊಡ್ಡ ಯಂತ್ರವೇನೂ ಬೇಡ, ಒಂದು ಆಯಸ್ಕಾಂತ ಸಾಕು: ಒಳ್ಳೆಯ ತಂತಿ ಸುಮ್ಮನಿರುತ್ತದೆ, ಕ್ರೋಮಿಯಂ ಕಳೆದುಕೊಂಡದ್ದು ಟಕ್ಕನೆ ಅಂಟಿಕೊಳ್ಳುತ್ತದೆ.