ಸೈಕಲ್ಲಿನ ಮೇಲೊಂದು ಸಂಸಾರ

ತೆರಕಣಾಂಬಿಯ ನಮ್ಮ ಅತ್ತೆಗೆ ತಮಿಳು ಓದಲು ಬರುವುದಿಲ್ಲ, ತಮಿಳು ಸಿನಿಮಾಕ್ಕೆ ಅಳಲು ಬರುತ್ತದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಈ ಊರಿಗೆ ತಮಿಳುನಾಡೇನೂ ದೂರವಲ್ಲ. ಗಡಿಯಾಚೆಯ ತಾಳವಾಡಿಯಲ್ಲಂತೂ ಎಷ್ಟೋ ಮನೆಗಳ ಮಾತು ಕನ್ನಡವೇ. ಸಂತೆಯಲ್ಲಿ, ಅರಿಸಿನದ ವ್ಯಾಪಾರದಲ್ಲಿ ಕಿವಿಗೆ ಬಿದ್ದಷ್ಟು ತಮಿಳು ಅತ್ತೆಗೆ ಸಾಕು.

ಮೊನ್ನೆ ಮಧ್ಯಾಹ್ನ ಅವರ ಜೊತೆ ಕೂತು ನಿರ್ದೇಶಕ ಚೇರನ್ ಅವರ 'ತವಮಾಯ್ ತವಮಿರುಂದು' ನೋಡಿದೆ. 2005ರ ಚಿತ್ರ. ಸುದೀಪರ 'ಮೈ ಆಟೋಗ್ರಾಫ್' ಮೂಲತಃ ಇದೇ ಚೇರನ್ ಅವರದು. 'ತವಂ' ಎಂದರೆ ನಮ್ಮ ತಪವೇ. ಇಂಥ ಮಕ್ಕಳಿಗಾಗಿ ಅಪ್ಪ ತಪಸ್ಸು ಮಾಡಿದನೋ, ಇಂಥ ಅಪ್ಪನಿಗಾಗಿ ಮಕ್ಕಳು ಮಾಡಬೇಕಿತ್ತೋ, ಹೆಸರು ಎರಡಕ್ಕೂ ಒಗ್ಗುತ್ತದೆ.

ಅಪ್ಪ ರಾಜ್‌ಕಿರಣ್, ಅಮ್ಮ ಶರಣ್ಯ. ಶಿವಗಂಗೆಯ ಕಡೆ ಒಂದು ಸಣ್ಣ ಪ್ರೆಸ್ಸು. ದೀಪಾವಳಿ ಬಂದಿದೆ, ಹುಡುಗರಿಗೆ ಹೊಸ ಬಟ್ಟೆಗೆ ದುಡ್ಡಿಲ್ಲ. ಕಡೇ ಗಳಿಗೆಯಲ್ಲಿ ಸಿಕ್ಕ ಪೋಸ್ಟರ್ ಕೆಲಸ ಹಿಡಿದು ಅಪ್ಪ ರಾತ್ರಿಯಿಡೀ ಅಚ್ಚು ಹಾಕುತ್ತಾನೆ. ಇನ್ನೊಂದೆಡೆ ಹೆಂಡತಿ, ಇಬ್ಬರು ಮಕ್ಕಳು, ಎಲ್ಲರನ್ನೂ ಒಂದೇ ಸೈಕಲ್ಲಿಗೆ ಹೇರಿಕೊಂಡು ತುಳಿಯುತ್ತಾನೆ. ಆ ಸೈಕಲ್ಲಿನ ಮೇಲೆ ಯಾರಿಗೂ ದುಃಖವಿಲ್ಲ, ನೋಡುವವರಿಗೂ ಇಲ್ಲ. ಹಿರಿಯ ಮಗ ಹೆಂಡತಿಯೊಡನೆ ಬೇರೆಯಾಗುವುದು, ಕಿರಿಯವನು ಹೇಳದೆ ಕೇಳದೆ ಮದರಾಸಿಗೆ ಓಡುವುದು ಆಮೇಲಿನ ಮಾತು. ಆಗ ಕಣ್ಣು ತುಂಬುವುದು ಮಕ್ಕಳ ಕಟುಕತನಕ್ಕಲ್ಲ. ತಾಸೆರಡು ತಾಸು ಮುಂಚೆ ನೋಡಿದ ಆ ಸೈಕಲ್ಲಿಗೆ.

ಚಿತ್ರ ಉದ್ದ, ಬಲು ಉದ್ದ. ಹಿನ್ನೆಲೆ ಸಂಗೀತವೂ ನಮಗಿಂತ ಮೊದಲೇ ಅಳಲು ಕೂರುತ್ತದೆ. ಕಣ್ಣೀರಿನ ಸಿನಿಮಾ ಎಂದು ಮೂಗು ಮುರಿಯುವವರಲ್ಲಿ ನಾನೂ ಒಬ್ಬ. ಆದರೆ ಅಷ್ಟು ಗದ್ದಲದ ನಡುವೆ ರಾಜ್‌ಕಿರಣ್ ಮಾತ್ರ ಗದ್ದಲ ಮಾಡುವುದಿಲ್ಲ. ಮೊಮ್ಮಗು ಹುಟ್ಟಿದ ಸುದ್ದಿ ಕೇಳಿ, ಓಡಿಹೋದ ಮಗನನ್ನು ಹುಡುಕಿಕೊಂಡು ಬಂದ ಅವರ ಮುಖ ನೋಡಬೇಕು. ಬೈಗುಳವನ್ನೆಲ್ಲ ಬಾಯಲ್ಲೇ ಅಗಿದು ನುಂಗಿದ ಮುಖ ಅದು.

"ಬೈದ್ಬುಟ್ಟಿದ್ರ ಆಗಿತ್ತು ಕನ ಮಗ," ಎಂದರು ಅತ್ತೆ. "ಸುಮ್ನ ಕುಂತನಲ್ಲ, ಅದ್ಕೇ ಹೊಟ್ಟ ಉರೀತದ."

ಈ ಕಣ್ಣೀರು ಗಡಿಯ ಆ ಕಡೆಯಿಂದಷ್ಟೇ ಹರಿದು ಬಂದದ್ದೇನಲ್ಲ. 1958ರಲ್ಲಿ ಬಿ.ಆರ್. ಪಂತುಲು ಕನ್ನಡದಲ್ಲಿ 'ಸ್ಕೂಲ್ ಮಾಸ್ಟರ್' ತೆಗೆದರು. ಅದೇ ಕಥೆ ತಮಿಳಿನಲ್ಲಿ 'ಎಂಗಳ್ ಕುಡುಂಬಂ ಪೆರಿಸು' ಆಯಿತು. ಮೇಷ್ಟರು ಪಂತುಲು ಅವರೇ, ಹೆಂಡತಿ ಎಂ.ವಿ. ರಾಜಮ್ಮ. ಮುಪ್ಪಿನಲ್ಲಿ ಕೈಹಿಡಿಯುವವನು ಹೆತ್ತ ಮಗನಲ್ಲ, ಪೊಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ. ಕನ್ನಡದಲ್ಲೂ ಆ ಶಿಷ್ಯ ಶಿವಾಜಿ ಗಣೇಶನ್! ಅಲ್ಲಿ ಕಣ್ಣೊರೆಸಲು ಒಬ್ಬ ಬರುತ್ತಾನೆ, ನಾವು ಹಗುರಾಗಿ ಎದ್ದು ಬರುತ್ತೇವೆ. ಚೇರನ್ ಹಾಗೆ ಯಾರನ್ನೂ ಹೊರಗಿನಿಂದ ಕರೆತರುವುದಿಲ್ಲ. ಇರುವ ಮಗನೇ ಕಲಿಯಬೇಕು, ತಡವಾಗಿಯಾದರೂ. ನನಗೆ ಇದೇ ಹೆಚ್ಚು ಹಿಡಿಸಿತು. ಅತ್ತೆಯ ಓಟು ಇವತ್ತಿಗೂ ಶಿವಾಜಿಗೆ.

ಚಿತ್ರ ಮುಗಿಯುವಾಗ ಹೊರಗೆ ಬಿಸಿಲು ಇಳಿದಿತ್ತು. ಅತ್ತೆ ಸೆರಗಿನ ತುದಿಯಿಂದ ಕಣ್ಣು, ಮೂಗು, ಕನ್ನಡಕ ಮೂರನ್ನೂ ಒರೆಸಿಕೊಂಡರು. ಕಾಫಿಗೆ ಏಳುತ್ತಾರೆಂದುಕೊಂಡೆ. ಏಳಲಿಲ್ಲ.

"ಅಳಾದು ಬ್ಯಾಡ," ಎಂದರು ರಿಮೋಟನ್ನು ನನ್ನ ಕೈಗಿಡುತ್ತಾ, "ಆ ಸೈಕಲ್ ತುಳೀತನಲ್ಲ, ಅದ ಇನ್ನೊಂದ್ಸಲ ಹಾಕು."