ಏಳಂಕಿಯ ನೆನಪು, ನಾಲಿಗೆಯ ಅಳತೆ

160420122024. ಈ ಹನ್ನೆರಡು ಅಂಕಿಗಳನ್ನು ಯಾರಾದರೂ ಒಂದೊಂದಾಗಿ ಓದಿ, ಈಗ ತಿರುಗಿ ಹೇಳಿ ಎಂದರೆ ಹೆಚ್ಚಿನವರು ಅರ್ಧದಲ್ಲೇ ತಡವರಿಸುತ್ತಾರೆ. ದಕ್ಷಿಣ ಕನ್ನಡದ ವೇಣೂರಿನವರಿಗೆ ಇದು ಅಷ್ಟು ಕಷ್ಟವಲ್ಲ. ಫಲ್ಗುಣಿಯ ದಂಡೆಯಲ್ಲಿ ತಿಮ್ಮಣ್ಣ ಅಜಿಲರು 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ್ದು 1604ರಲ್ಲಿ. ಈಚಿನ ಎರಡು ಮಹಾಮಸ್ತಕಾಭಿಷೇಕಗಳು 2012 ಮತ್ತು 2024ರಲ್ಲಿ. ಹೊರಗಿನವರು ಹನ್ನೆರಡು ಅಂಕಿ ಹೊರುವಲ್ಲಿ ಅವರು ಮೂರು ಇಸವಿ ಹೊತ್ತರೆ ಸಾಕು.

ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಬಂಧದಲ್ಲಿ ಹೇಳಹೊರಟದ್ದೂ ಇದನ್ನೇ. ಅಲ್ಪಾವಧಿ ಸ್ಮರಣೆ ಎಣಿಸುವುದು ಬಿಡಿ ಅಂಕಿಗಳನ್ನಲ್ಲ, ಗಂಟುಗಳನ್ನು. ಒಂದೊಂದು ಗಂಟಿನಲ್ಲಿ ಎಷ್ಟು ತುಂಬಬಹುದೆನ್ನುವುದು ಕಟ್ಟುವವರ ತಿಳಿವಳಿಕೆಗೆ ಬಿಟ್ಟದ್ದು. ಒಮ್ಮೆಗೆ ನಿಲ್ಲುವ ಗಂಟುಗಳು ಸುಮಾರು ಏಳು ಎಂಬ ತಮ್ಮ ಲೆಕ್ಕದ ಮೇಲೆ ಮಿಲ್ಲರ್ ಅವರಿಗೇ ಗುಮಾನಿಯಿತ್ತು. ಅದೊಂದು ಕಾಕತಾಳೀಯ ಇರಬಹುದೆಂದು ಪ್ರಬಂಧದ ಕೊನೆಯಲ್ಲಿ ಅವರು ಒಪ್ಪಿಕೊಂಡಿದ್ದಾರೆ. ಪಠ್ಯಪುಸ್ತಕಗಳು ಮಾತ್ರ ಗಂಟನ್ನು ಅಲ್ಲೇ ಬಿಟ್ಟು ಏಳನ್ನು ಎತ್ತಿಕೊಂಡು ಹೋದವು. 2001ರಲ್ಲಿ ನೆಲ್ಸನ್ ಕೋವನ್, ಗಂಟು ಕಟ್ಟಲು, ಬಾಯೊಳಗೆ ಹೇಳಿಕೊಳ್ಳಲು ಆಸ್ಪದ ಕೊಡದಿದ್ದರೆ ಉಳಿಯುವುದು ನಾಲ್ಕರ ಆಸುಪಾಸು ಎಂದು ವಾದಿಸಿದ ಮೇಲೂ ಏಳರ ಪಟ್ಟ ಕದಲಲಿಲ್ಲ.

1959ರ ಪೀಟರ್ಸನ್ ದಂಪತಿಯ ಪ್ರಯೋಗಕ್ಕೂ ಇದೇ ಗತಿಯಾಯಿತು. ಮೂರು ವ್ಯಂಜನ ಕೇಳಿಸಿ, ಕೂಡಲೇ ಒಂದು ದೊಡ್ಡ ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡಿನ ಹೊತ್ತಿಗೆ ಅಕ್ಷರಗಳು ಬಹುಪಾಲು ಮಾಯ. ನೆನಪು ತನ್ನಷ್ಟಕ್ಕೆ ಸವೆದುಹೋಗುತ್ತದೆ ಎಂದು ತೀರ್ಮಾನವಾಯಿತು. 1962ರಲ್ಲಿ ಕೆಪ್ಪೆಲ್ ಮತ್ತು ಅಂಡರ್‌ವುಡ್ ಮೊದಲ ಸರದಿಯನ್ನಷ್ಟೇ ಬೇರೆ ಮಾಡಿ ನೋಡಿದರೆ, ಮರೆವೇ ಇಲ್ಲ ಅನ್ನುವಷ್ಟು ಕಡಿಮೆ! ಹಿಂದಿನ ಸರದಿಯ ಅಕ್ಷರಗಳು ಮುಂದಿನವಕ್ಕೆ ಅಡ್ಡಗಾಲು ಹಾಕುತ್ತಿದ್ದವು. ನನ್ನ ಮಟ್ಟಿಗೆ ಈ ತಿದ್ದುಪಡಿ ಮೂಲ ಪ್ರಯೋಗಕ್ಕಿಂತ ಜಾಣತನದ್ದು. ಪರೀಕ್ಷೆಗೆ ಬರೆಯುವುದು ಮಾತ್ರ ಹದಿನೆಂಟು ಸೆಕೆಂಡನ್ನೇ.

ಈ ಸಂಶೋಧನೆಯಲ್ಲೆಲ್ಲ ನಮ್ಮ ಕಡೆಗೆ ಹೆಚ್ಚು ಹತ್ತಿರವಾದದ್ದು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಆರಂಭಿಸಿದ ಕೆಲಸ. ಕೇಳಿದ್ದನ್ನು ನಾವು ಮನಸ್ಸಿನಲ್ಲೇ ಉಚ್ಚರಿಸುತ್ತ ಹಿಡಿದಿಟ್ಟುಕೊಳ್ಳುತ್ತೇವೆ. ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಹೇಳಬಲ್ಲೆವೋ ಹೆಚ್ಚುಕಡಿಮೆ ಅಷ್ಟು ನಿಲ್ಲುತ್ತದೆ. ಪದ ಉದ್ದವಾದಷ್ಟೂ ನೆನಪು ಗಿಡ್ಡ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎರಡೂ ಭಾಷೆ ಬಲ್ಲ ವೇಲ್ಸ್ ಜನರನ್ನು ಪರೀಕ್ಷಿಸಿದಾಗ, ಅದೇ ಜನ ವೆಲ್ಷ್ ಅಂಕಿಗಳಿಗಿಂತ ಇಂಗ್ಲಿಷ್ ಅಂಕಿಗಳನ್ನು ಹೆಚ್ಚು ನೆನಪಿಟ್ಟರು. ವೆಲ್ಷ್ ಅಂಕಿ ಹೇಳಲು ಹೆಚ್ಚು ಹೊತ್ತು ಬೇಕು, ಅಷ್ಟೇ. ಬಾಯಿಗೆ ಬೇರೆ ಕೆಲಸ ಕೊಟ್ಟ ಕೂಡಲೇ ವ್ಯತ್ಯಾಸ ಅಳಿಸಿಹೋಯಿತು.

ವೇಣೂರು ಪೇಟೆಯ ರೀಚಾರ್ಜ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಸಿದ್ಧಾಂತ ಕಿವಿಗೇ ಬೀಳುತ್ತದೆ. ಮಾತೆಲ್ಲ ತುಳುವಿನಲ್ಲಿ, ಚಿಲ್ಲರೆಯ ಲೆಕ್ಕವೂ ತುಳುವಿನಲ್ಲಿ, ನಂಬರ್ ಬಂದ ಕೂಡಲೇ 'ನೈನ್ ಫೋರ್ ಏಟ್, ಡಬಲ್ ಟೂ'. ಅಂಗಡಿಯವನು ಅದನ್ನೇ ಬೇರೆ ಕಡೆ ಒಡೆದು ಓದಿ ಹೇಳಿದರೆ, ನಂಬರಿನ ಯಜಮಾನನೇ 'ಅತ್ತ್, ಅತ್ತ್' ಎಂದು ಮೊದಲಿನಿಂದ ಶುರುಮಾಡುತ್ತಾನೆ. ಅಂಕಿ ಒಂದೂ ತಪ್ಪಿರುವುದಿಲ್ಲ, ಗಂಟು ಬಿಚ್ಚಿರುತ್ತದೆ. ಇಂಗ್ಲಿಷಿನ ಮೋಹ ಎಂದು ಇದನ್ನು ಹಳಿಯುವವರಿದ್ದಾರೆ. ಇರಬಹುದು, ಆದರೆ ಕನ್ನಡದ ಒಂದರಿಂದ ಒಂಬತ್ತರವರೆಗೆ ಎರಡು ಅಕ್ಷರಕ್ಕೆ ಕಡಿಮೆಯ ಪದವಿಲ್ಲ. ಇಂಗ್ಲಿಷಿನಲ್ಲಿ ಸೆವೆನ್ ಬಿಟ್ಟರೆ ಎಲ್ಲವೂ ಒಂದೇ ಉಸಿರಿನವು. ತುಳುವಿನ ನಾಲ್, ಐನ್, ಏಳ್ ಕೂಡ ಚಿಕ್ಕವೇ.

ಹಾಗಾದರೆ ತುಳು ಮನೆಯ ಮಗುವಿನ ಅಂಕಿ ನೆನಪನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಇದು ಬರೀ ತರ್ಕದ ಪ್ರಶ್ನೆಯಲ್ಲ. ಅಂಕಿಗಳನ್ನು ಕೇಳಿ ತಿರುಗಿ ಹೇಳುವುದು ಬುದ್ಧಿಮತ್ತೆ ಪರೀಕ್ಷೆಗಳ ಹಳೆಯ ಭಾಗ. ಅವುಗಳಲ್ಲೊಂದಾದ ಬಿನೆ ಪರೀಕ್ಷೆಯನ್ನು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್, ಅವರ ಪುಸ್ತಕ 1940ರಲ್ಲಿ ಬಂತು. ಪ್ರಶ್ನೆಗಳನ್ನು ಭಾಷಾಂತರಿಸಿ ಕೈತೊಳೆದುಕೊಳ್ಳದೆ, ಇಲ್ಲಿನ ಮಕ್ಕಳ ಮುಂದಿಟ್ಟು ಯಾವ ವಯಸ್ಸಿಗೆ ಯಾವುದು ಹೊಂದುತ್ತದೆಂದು ನೋಡಿದ ಶ್ರಮ ಅದು. ಆ ಕಾಲಕ್ಕೆ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ದೂರು ನಂತರದವರ ಮೇಲೆ: ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ಮಗುವಿನ ಬೌದ್ಧಿಕ ನ್ಯೂನತೆಯನ್ನು ತೀರ್ಮಾನಿಸುವಲ್ಲಿ ಅದರ ಅಂಕಕ್ಕೆ ತೂಕವಿದೆ. ಐದಂಕಿ ಹೇಳಬೇಕಾದಲ್ಲಿ ನಾಲ್ಕಂಕಿ ಹೇಳಿದ ಮಗು ಎಡವಿದ್ದು ನೆನಪಿನಲ್ಲೋ, ಶಾಲೆಗೆ ಬಂದ ಮೇಲೆ ಕಲಿತ ಕನ್ನಡದ ಅಂಕಿಯಲ್ಲೋ ಎನ್ನುವುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ವೇಣೂರಿನಂಥ ಊರಲ್ಲಿ ಪರೀಕ್ಷೆ ಮಾಡುವವರು ಅದೇ ಮಗುವಿಗೆ ತುಳುವಿನಲ್ಲೂ ಒಂದು ಸಾಲು ಓದಿ ಹೇಳಿ, ಎರಡೂ ಫಲಿತಾಂಶವನ್ನು ಪಕ್ಕಪಕ್ಕ ಬರೆಯಲು ಹೆಚ್ಚೆಂದರೆ ಐದು ನಿಮಿಷ ಬೇಕು.